ಹೆಸರು ಹೇಳದೆ ಹೋದ ಹಿರಿಯ ನಾವಿಕರಿಗೆ ಧನ್ಯವಾದ

ಮಲ್ಪೆಯ ದಕ್ಕೆಯಲ್ಲಿ ನನ್ನ ತಮ್ಮನಿಗೆ ನೌಕಾಪಡೆಯ ದಾರಿ ತೋರಿಸಿ, ಹೆಸರನ್ನೂ ಹೇಳದೆ ಹೊರಟುಹೋದ ಹಿರಿಯರಿಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು. ನೀವು ಬಾಲನಾವಿಕರಾಗಿ ವಿಶಾಖಪಟ್ಟಣದಲ್ಲಿ ತರಬೇತಿ ಆರಂಭಿಸಿ, ಜಾಮ್‌ನಗರದ ನೌಕಾಪಡೆ ತರಬೇತಿ ಕೇಂದ್ರವಾದ ಐಎನ್‌ಎಸ್ ವಲ್ಸುರಾದಲ್ಲಿ ಎಲೆಕ್ಟ್ರಿಕಲ್ ಕೆಲಸ ಕಲಿತು, ಹಡಗುಗಳ ಜನರೇಟರ್, ಸ್ವಿಚ್‌ಬೋರ್ಡ್‌ಗಳ ನಡುವೆ ವರ್ಷಗಟ್ಟಲೆ ದುಡಿದು, ಕೊನೆಗೆ ಭರ್ತಿ ವಿಭಾಗದಲ್ಲಿ ಹುಡುಗರನ್ನು ಆರಿಸುತ್ತಿದ್ದವರೆಂಬುದಷ್ಟೇ ನಮಗೆ ಗೊತ್ತು. ಕೆಟ್ಟುನಿಂತ ಬೋಟಿನ ಡೈನಮೋ ಬಿಚ್ಚಿ, ಸವೆದ ಕಾರ್ಬನ್ ಬ್ರಷ್‌ಗಳನ್ನು ಅವನ ಅಂಗೈಯಲ್ಲಿಟ್ಟು, ಉಪ್ಪುಗಾಳಿಗೆ ತಾಮ್ರದ ತಂತಿ ಹಸಿರುಗಟ್ಟುವ ಬಗೆಯನ್ನು ತೋರಿಸುತ್ತಲೇ ನೀವು ಮಾಡಿದ ಭೌತಶಾಸ್ತ್ರದ ಪಾಠ ಅವನಿಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹಿಡಿಸಿತು. ಭರ್ತಿಗೆ ದಲ್ಲಾಳಿಗಳ ಕೈಗೆ ಬಿಡಿಗಾಸನ್ನೂ ಕೊಡಬೇಡಿ ಎಂದು ಅಪ್ಪನಿಗೆ ಒತ್ತಿ ಹೇಳಿದ ನಿಮ್ಮ ಮಾತನ್ನಂತೂ ನಾವು ಮರೆಯುವಂತಿಲ್ಲ. ತಮ್ಮ ಈಗ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ ತರಬೇತಿ ಪಡೆಯುತ್ತಿದ್ದಾನೆ. ಅವನು ರಜೆಗೆ ಬಂದಾಗ ನೀವು ದಯವಿಟ್ಟು ನಮ್ಮ ಮನೆಗೆ ಊಟಕ್ಕೆ ಬರಬೇಕು.