ಸಪ್ತಾಪುರ ಅಧ್ಯಯನ ಕೊಠಡಿ: ಮ್ಯಾಕ್ ವಿಳಾಸ ಕಳುಹಿಸಿ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಕೊಠಡಿಯ ವೈಫೈ ನೋಂದಾಯಿತ ಲ್ಯಾಪ್‌ಟಾಪ್‌ಗಳಿಗೆ ಮಾತ್ರ ಸಿಗುತ್ತದೆ. ಪರೀಕ್ಷೆ ಹತ್ತಿರವಿರುವಾಗ ಯಾರ ಓದೂ ನಿಲ್ಲಬಾರದು, ದಯವಿಟ್ಟು ಶನಿವಾರದೊಳಗೆ ನಿಮ್ಮ ಮ್ಯಾಕ್ ವಿಳಾಸ (ಲ್ಯಾಪ್‌ಟಾಪ್‌ನ ವೈಫೈ ಸಾಧನವನ್ನು ಗುರುತಿಸುವ ಸಂಖ್ಯೆ) ಕಳುಹಿಸಿ.

ವಿಂಡೋಸ್ ಇದ್ದವರು ಕಮಾಂಡ್ ಪ್ರಾಂಪ್ಟ್ (ಆದೇಶ ಬರೆಯುವ ಕಿಟಕಿ) ತೆರೆದು 'ipconfig /all' ಎಂದು ಬರೆದು ಎಂಟರ್ ಒತ್ತಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ವೈಫೈ ತಲೆಬರಹದ ಕೆಳಗಿನ 'ಫಿಸಿಕಲ್ ಅಡ್ರೆಸ್' ಸಾಲನ್ನೇ ನೋಡಿ. ಈಥರ್ನೆಟ್, ಬ್ಲೂಟೂತ್‌ಗಳಿಗೆ ಬೇರೆ ವಿಳಾಸಗಳಿರುತ್ತವೆ. ನಿನ್ನೆ ಇಬ್ಬರು ಬ್ಲೂಟೂತ್‌ನದನ್ನೇ ಕಳುಹಿಸಿದ್ದರು.

ಮ್ಯಾಕ್ ವಿಳಾಸದಲ್ಲಿ ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಂಕಿ-ಅಕ್ಷರಗಳು. ಅಕ್ಷರಗಳು 'ಎ'ಯಿಂದ 'ಎಫ್'ವರೆಗೆ ಮಾತ್ರ. ದುಂಡಗೆ ಕಂಡದ್ದು ಸೊನ್ನೆಯೇ, 'ಓ' ಅಲ್ಲ. ನೋಡಿಕೊಂಡು ಬರೆಯುವ ಬದಲು ನಕಲಿಸಿ ಕಳುಹಿಸಿ.

ವೈಫೈ ಸೆಟ್ಟಿಂಗ್ಸ್‌ನಲ್ಲಿ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್' ಚಾಲೂ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ತೋರುವ ವಿಳಾಸ ಯಂತ್ರದ ನಿಜವಾದ ವಿಳಾಸವಾಗಿರುವುದಿಲ್ಲ. ಸಿಗದವರು ಸಂಜೆ ಲ್ಯಾಪ್‌ಟಾಪ್ ತನ್ನಿ, ನಾನೇ ಹುಡುಕಿಕೊಡುತ್ತೇನೆ.