ಪುಸ್ತಕಕ್ಕೆ ಹೊದಿಸಿದ ಪೇಪರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿ, ತೋಟದ ಸುದ್ದಿ, ನಿನ್ನಮ್ಮನ ಮಂಡಿನೋವು ಎಲ್ಲ ಫೋನಿನಲ್ಲೇ ಗೊತ್ತಾಗಿರುತ್ತೆ, ಅದು ಬಿಡು. ನಿನ್ನ ಪತ್ರದ ತುಂಬ ಪುಸ್ತಕಗಳದ್ದೇ ಸಂಭ್ರಮ. ಓದುತ್ತಾ ನಾನೂ ನಗ್ತಾ ಇದ್ದೆ. ಕೊನೆಯಲ್ಲಿ ಸಹಿಗೆ ಮೊದಲು ಒಂದು ಸಾಲು: ‘ಎಲ್ಲಕ್ಕೂ ಪೇಪರ್ ಹೊದಿಸಿಟ್ಟಿದೀನಿ ದೊಡ್ಡಮ್ಮಾ, ಅಮ್ಮ ಬಂದಾಗ ನೋಡಿಬಿಟ್ರೆ ಅಂತ.’ ಆಮೇಲೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ.

ನೋಡಿದರೆ ಏನು? ದೆವ್ವದ ಕಥೆ ಓದುತ್ತಾಳೆ ಅಂತಲಾ, ಇಬ್ಬರು ಹೆಂಗಸರು ಪ್ರೀತಿಸೋ ಕಥೆ ಓದುತ್ತಾಳೆ ಅಂತಲಾ? ದೆವ್ವಕ್ಕೆ ನಿನ್ನಮ್ಮ ಹೆದರುವವಳಲ್ಲ, ಅದು ನಿನಗೂ ಗೊತ್ತು. ಹಾಗಾದರೆ ಎರಡನೆಯದೇ. ನಾನೇನೂ ಕೇಳೋದಿಲ್ಲ ಪುಟ್ಟಿ. ಹೇಳಬೇಕು ಅನ್ನಿಸಿದ ದಿನ ಹೇಳು, ಅನ್ನಿಸದಿದ್ದರೆ ಬೇಡ.

ಹೋದ ಸಲ ಬಂದಾಗ ಬಿಟ್ಟುಹೋದೆಯಲ್ಲ, ತಾಶಾ ಸೂರಿ ಬರೆದ ‘ದಿ ಜಾಸ್ಮಿನ್ ಥ್ರೋನ್’, ಅದನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮುಗಿಸಿದೆ. 2022ರಲ್ಲಿ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂದ ಪುಸ್ತಕ ಅಂತ ನೀನೇ ಹೇಳಿದ್ದೆ. ಯುದ್ಧ, ರಾಜಕೀಯ ಬಂದ ಕಡೆ ಆಕಳಿಸಿದೆ, ಸುಳ್ಳೇಕೆ. ಆದರೆ ಅದರಲ್ಲಿ ಒಂದು ರೋಗ ಬರುತ್ತಲ್ಲ, ಮನುಷ್ಯರ ಚರ್ಮ ಸೀಳಿಕೊಂಡು ಎಲೆ, ಹೂವು ಚಿಗುರುವುದು, ಅಲ್ಲಿ ಮೈ ಜುಮ್ಮೆಂದಿತು. ನಮ್ಮಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಬಿಂದಿಗೆ ನೀರು ಹೊಯ್ದರೆ ಹೂವಿನ ಮರವಾಗೋ ಹುಡುಗಿ. ನಾದಿನಿ, ಅವಳ ಗೆಳತಿಯರು ಕೊಂಬೆ ಮುರಿದುಹಾಕಿ ಹೋಗುತ್ತಾರೆ, ಪಾಪ, ಅವಳು ಕೈಕಾಲಿಲ್ಲದ ಮುಂಡವಾಗಿ ಚರಂಡಿಯಲ್ಲಿ ಬಿದ್ದಿರುತ್ತಾಳೆ. ಎ.ಕೆ. ರಾಮಾನುಜನ್ ಅವರೂ ಇದನ್ನು ಸಂಗ್ರಹಿಸಿದ್ದಾರೆ. ಇಂಥದ್ದನ್ನು ಹೇಳಿ ನಮ್ಮನ್ನು ಮಲಗಿಸುತ್ತಿದ್ದರು ಮಾರಾಯ್ತಿ! ಮಕ್ಕಳು ಕೆಟ್ಟುಹೋಗುತ್ತಾರೆ ಅಂತ ಯಾರೂ ಅನ್ನಲಿಲ್ಲ. ನಿನ್ನಮ್ಮನೂ ನನ್ನ ಪಕ್ಕದಲ್ಲೇ, ಒಂದೇ ಕಂಬಳಿಯಲ್ಲಿ ಮಲಗಿ ಕೇಳಿದ್ದಾಳೆ.

ಇದನ್ನೆಲ್ಲ ಅಷ್ಟು ಧೈರ್ಯವಾಗಿ ಓದೋ ಹುಡುಗಿ ಒಂದು ರಕ್ಷಾಪುಟಕ್ಕೆ ಹೆದರೋದಾ? ತೊಂಬತ್ತರ ದಶಕದಲ್ಲಿ ಊರೂರಲ್ಲೂ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ನೀನು ಹೊದಿಸಿದ ಪೇಪರೂ ಅಷ್ಟೇ ಅನ್ನಿಸುತ್ತೆ. ಆ ದೆವ್ವ ಮರುದಿನವೂ ಬಂದು ಓದಿಕೊಂಡು ಹೋಗೋದು, ಅದಕ್ಕೆ ಬೇಸರವೇ ಇರಲಿಲ್ಲ.

ಗಂಡಸನ್ನು ಪ್ರೀತಿಸೋ ಗಂಡಸಿನ ಕಥೆಗಳು, ವಸುಧೇಂದ್ರರ ‘ಮೋಹನಸ್ವಾಮಿ’, 2013ರಲ್ಲಿ ಬಂತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನನ್ನು ಮತ್ತೆ ಎತ್ತಿಹಿಡಿದಿತ್ತು. ಅವರೂ ಮೊದಲ ಕಥೆಯನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದವರೇ, ಆಮೇಲೆ ಸ್ವಂತ ಹೆಸರಿನಲ್ಲೇ ಪುಸ್ತಕ ತಂದರು. ನಾನು ಓದಿ ಊಟದ ಮೇಜಿನ ಮೇಲೆ ಇಟ್ಟಿದ್ದೆ, ಬೇಕೆಂದೇ. ನಿನ್ನ ದೊಡ್ಡಪ್ಪ ತೆಗೆದುಕೊಂಡು ಹೋದರು, ವಾಪಸ್ ಇಟ್ಟರು. ಪುಸ್ತಕದ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಹೋದಮೇಲೆ ಕಪಾಟು ಒರೆಸುವಾಗ ತೆಗೆದು ನೋಡಿದರೆ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನ ಸಣ್ಣ ಟಿಕ್ಕು. ಬ್ಯಾಂಕಿನ ಲೆಡ್ಜರಿಗೆ ಹಾಕುತ್ತಿದ್ದರಲ್ಲ, ಅದೇ ಟಿಕ್ಕು. ಇಷ್ಟವಾಗಿ ಹಾಕಿದರೋ, ಸುಮ್ಮನೆ ಕೈ ಅಭ್ಯಾಸವೋ, ಅಥವಾ ಯಾರದೋ ನೆನಪೋ. ನಲವತ್ತು ವರ್ಷದ ಸಂಸಾರ. ಕೇಳಬಹುದಿತ್ತು. ಕಾಫಿ ಕೊಡುವಾಗ ‘ಹೇಗಿತ್ತು?’ ಅಂದಿದ್ದರೆ ಸಾಕಿತ್ತು. ಈಗಲೂ ಒಮ್ಮೊಮ್ಮೆ ಆ ಪುಟಗಳನ್ನು ತಿರುವುತ್ತೇನೆ.

ಅದಕ್ಕೇ ನಿನ್ನ ಆ ಸಾಲು ನಿದ್ದೆ ಕೆಡಿಸಿತು. ನಿನ್ನಮ್ಮ ನೋಡಿದರೆ ಬೈಯಬಹುದು, ಅಳಲೂಬಹುದು, ಇಲ್ಲ ಅನ್ನೋದಿಲ್ಲ. ನೋಡಿಯೂ ಸುಮ್ಮನಿದ್ದುಬಿಟ್ಟರೆ ಅನ್ನೋದು ನನ್ನ ಹೆದರಿಕೆ. ನೀನು ಹೊದಿಸುತ್ತಾ ಹೋಗೋದು, ಅವಳು ಕಾಣದವಳ ಹಾಗೆ ಇದ್ದುಬಿಡೋದು, ವರ್ಷಗಟ್ಟಲೆ.

ಏನು ಮಾಡು ಅಂತ ಹೇಳಲಿ? ಹೀಗೇ ಮಾಡು ಅನ್ನೋಕೆ ನಾನ್ಯಾರು. ಎಲ್ಲಾ ಪೇಪರನ್ನೂ ಇವತ್ತೇ ಕಿತ್ತು ಬಿಸಾಡು ಅಂತಲ್ಲ. ಒಂದನ್ನು ತೆಗೆದು ನೋಡು, ಬೇಕಾದರೆ ದೆವ್ವದ್ದನ್ನೇ ಮೊದಲು. ಅಮ್ಮ ಬರುವ ದಿನ ತೀರಾ ಜೀವ ಹೊಡೆದುಕೊಂಡರೆ ಉಳಿದವನ್ನು ನಮ್ಮನೆಗೆ ಪಾರ್ಸೆಲ್ ಮಾಡು, ಜಗುಲಿಯ ಕಪಾಟಿನಲ್ಲಿ ಜಾಗ ಇದೆ, ಎಲ್ಲರಿಗೂ ಕಾಣೋ ಹಾಗೆ ಜೋಡಿಸಿಡುತ್ತೇನೆ. ಯಾರಾದರೂ ಕೇಳಿದರೆ ನನ್ನವು ಅಂತೀನಿ, ಈ ವಯಸ್ಸಿನಲ್ಲಿ ನನಗೇನು. ಮದುವೆ ಮನೆಯಲ್ಲಿ, ನಾಲ್ಕು ಜನರೆದುರು ಮಾತ್ರ ಈ ವಿಷಯ ತೆಗೆಯಬೇಡ, ನಿನ್ನಮ್ಮನಿಗೆ ಉತ್ತರ ಹುಡುಕೋಕೆ ಸಮಯ ಬೇಕು. ಕೆಲಸ ಮಾತ್ರ ಬಿಡಬೇಡ, ನಿನ್ನ ದುಡ್ಡು ನಿನ್ನ ಹೆಸರಲ್ಲೇ ಇರಲಿ. ಇದು ಪುಸ್ತಕಕ್ಕೆ ಸಂಬಂಧಿಸಿದ್ದಲ್ಲ ಅನ್ನಬೇಡ. ಮತ್ತೆ 2018ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಇದು ಅಪರಾಧ ಅಲ್ಲ ಅಂದಿದೆ. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಬರೆದೆ.

‘ಜಾಸ್ಮಿನ್ ಥ್ರೋನ್’ನ ಆ ಇಬ್ಬರು ಹುಡುಗಿಯರು, ಪ್ರಿಯಾ, ಮಾಲಿನಿ, ಕೊನೆಗೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದುಬಿಟ್ಟರಲ್ಲ, ಅಲ್ಲಿಗೇ ನಿಲ್ಲಿಸಿದರೆ ಹೇಗೆ? ಎರಡನೇ ಭಾಗ ನಿನ್ನ ಹತ್ತಿರ ಇದ್ದರೆ ಕಳಿಸು. ಇಲ್ಲದಿದ್ದರೆ ರೇಟು ತಿಳಿಸು, ದುಡ್ಡು ಹಾಕುತ್ತೇನೆ. ಅಕ್ಷರ ಸ್ವಲ್ಪ ದಪ್ಪ ಇರೋದು ಸಿಕ್ಕಿದರೆ ಒಳ್ಳೇದು.

ನಿನ್ನ
ದೊಡ್ಡಮ್ಮ