ನೀರಿನ ಬ್ಯಾಲಾಸ್ಟ್ ಹಾಯಿದೋಣಿಯ ಓರೆ ಮತ್ತು ನೆಲದ ಸೋರಿಕೆ: ಖುದ್ದು ಪರಿಶೀಲನೆ ಹಾಗೂ ದುರಸ್ತಿ ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ದೋಣಿ ತಯಾರಿಕಾ ಸಂಸ್ಥೆ.

ಮಾನ್ಯರೇ,

ಕಳೆದ ಪುತ್ತರಿಯ ಹೊತ್ತಿಗೆ ತಮ್ಮ ಸಂಸ್ಥೆಯಿಂದ ನಾನು ಖರೀದಿಸಿದ ಆರೂವರೆ ಮೀಟರ್ ಉದ್ದದ ಹಾಯಿದೋಣಿಯು, ಸ್ಥಿರವಾಗಿ ನಿಲ್ಲಲು ಬೇಕಾದ ಭಾರಕ್ಕೆಂದು ತಳದಲ್ಲಿರುವ ಬ್ಯಾಲಾಸ್ಟ್ ತೊಟ್ಟಿಗೆ ನೀರು ತುಂಬಿಸಿದ ಕೂಡಲೇ ಎಡಕ್ಕೆ ವಾಲುತ್ತದೆ; ಎರಡು ದಿನ ನೀರಿನಲ್ಲಿ ನಿಂತರೆ ಹಿಂಬದಿ ತಗ್ಗುತ್ತದೆ; ಕ್ಯಾಬಿನ್ನಿನ ನೆಲ ಕಾಲಿಟ್ಟಲ್ಲಿ ತಗ್ಗಿ ಏಳುತ್ತದೆ. ಈ ಬಗ್ಗೆ ಎರಡು ಬಾರಿ ಇ-ಮೇಲ್ ಕಳುಹಿಸಿ, ಮೂರು ಬಾರಿ ದೂರವಾಣಿಯಲ್ಲಿ ಮಾತನಾಡಿದ್ದೇನೆ. ಕುಳಿತವರು ಜಾಗ ಬದಲಾಯಿಸಿದರೆ ಓರೆ ಸರಿಹೋಗುತ್ತದೆ, ನೆಲ ಮೆತ್ತಗಿರುವುದು ಫೋಮಿನ ಸಹಜ ಗುಣ ಎಂಬಂಥ ಉತ್ತರಗಳ ಹೊರತು ನನಗೆ ಬೇರೇನೂ ಸಿಕ್ಕಿಲ್ಲ. ಹಾಗಾಗಿ ನಾನೇ ಮಾಡಿದ ಪರೀಕ್ಷೆಗಳ ವಿವರವನ್ನು ಈ ಪತ್ರದ ಮೂಲಕ ತಮ್ಮ ಮುಂದಿಡುತ್ತಿದ್ದೇನೆ.

ನಾನು ಸುಂಟಿಕೊಪ್ಪದ ಬಳಿಯ ಕಾಫಿ ಬೆಳೆಗಾರ. ಸೀಸದ ಭಾರ ಹೊತ್ತ ದೋಣಿಯನ್ನು ಜೀಪಿನ ಹಿಂದೆ ಕಟ್ಟಿಕೊಂಡು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಕೆಆರ್‌ಎಸ್ ಹಿನ್ನೀರಿನವರೆಗೆ ಎಳೆದೊಯ್ಯುವುದು ನನ್ನಿಂದಾಗದ ಕೆಲಸವಾದ್ದರಿಂದಲೇ, ರಸ್ತೆಯಲ್ಲಿ ತೊಟ್ಟಿ ಖಾಲಿಯಿಟ್ಟು, ನೀರಿಗಿಳಿದ ಮೇಲೆ 450 ಲೀಟರ್ ತುಂಬಿಸಿಕೊಳ್ಳುವ ಈ ಮಾದರಿಯನ್ನು ಆರಿಸಿದೆ. ಜನವರಿಯಲ್ಲಿ ಹಿನ್ನೀರಿನಲ್ಲಿ ಮೊದಲ ಬಾರಿ ಹಾಯಿ ಬಿಚ್ಚಿದಾಗ, ಗಾಳಿ ಬಲಬದಿಯಿಂದ ಬೀಸಿದರೆ ದೋಣಿ ಎಡಕ್ಕೆ ಅತಿಯಾಗಿ ಬಾಗಿ, ಏಳಲು ತಡಮಾಡುತ್ತಿತ್ತು. ಅದೇ ಗಾಳಿ ಎಡದಿಂದ ಬೀಸಿದರೆ ದೋಣಿ ಸಲೀಸಾಗಿ ನಿಲ್ಲುತ್ತಿತ್ತು. ಆ ದಿನ ನನ್ನ ಮೊಮ್ಮಗಳು ಜೊತೆಗಿದ್ದಳು. ಅಲ್ಲಿಂದೀಚೆಗೆ ಅವಳನ್ನು ಈ ದೋಣಿಗೆ ಹತ್ತಿಸಿಲ್ಲ.

ಅಲೆಯಿರುವಲ್ಲಿ ಸೆಂಟಿಮೀಟರ್ ಲೆಕ್ಕ ಹಿಡಿಯುವುದು ಕಷ್ಟ. ಹೀಗಾಗಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸಲು ತೋಟದಲ್ಲಿ ತೋಡಿಸಿರುವ ಕೆರೆಗೇ ದೋಣಿಯನ್ನು ಇಳಿಸಿದೆ. ಪಂಪು ಚಾಲೂ ಆದರೆ ಕೆರೆಯ ಮಟ್ಟ ಇಳಿಯುವುದರಿಂದ ನನಗೆ ಸಿಕ್ಕಿದ್ದು ಒಂದೇ ವಾರ. ಬೆಳಗಿನ ಜಾವ ಎಲೆಯೂ ಅಲುಗದ ಹೊತ್ತಿನಲ್ಲಿ, ದೋಣಿಯೊಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಹೊರಮೈಯ ಎರಡೂ ಬದಿಗಳಲ್ಲಿ ನೀರಿನ ಗೆರೆಗೆ ಪೆನ್ಸಿಲಿನಿಂದ ಗುರುತು ಹಾಕಿದೆ. ತೊಟ್ಟಿ ಖಾಲಿಯಿದ್ದಾಗ ಎರಡೂ ಗುರುತುಗಳು ಸಮನಾಗಿದ್ದವು. ಹಿಂಬದಿಯ ವಾಲ್ವ್ ಮತ್ತು ಮೂತಿಯ ಕಡೆಯ ಗಾಳಿಕಿಂಡಿಯನ್ನು ತಮ್ಮ ಕೈಪಿಡಿ ಹೇಳುವಂತೆಯೇ ತೆರೆದು ತೊಟ್ಟಿ ತುಂಬಿಸಿದ ಮೇಲೆ ಎಡ ಅಂಚು ಬಲ ಅಂಚಿಗಿಂತ ಆರು ಸೆಂಟಿಮೀಟರ್ ತಗ್ಗಿತು. ಜನರಿಲ್ಲದ ದೋಣಿಯಲ್ಲಿ ಯಾರು ಯಾವ ಜಾಗಕ್ಕೆ ಬದಲಾಯಿಸಬೇಕಿತ್ತೆಂಬುದನ್ನು ತಾವೇ ತಿಳಿಸಬೇಕು.

ಗೋದಾಮಿನಲ್ಲಿ ರೊಬಸ್ಟಾ ಚೆರ್ರಿಯ 50 ಕಿಲೋ ಚೀಲಗಳಿದ್ದವು. ಒಂದು ಚೀಲವನ್ನು ತೊಟ್ಟಿಯ ಬಲ ಅರ್ಧದ ನೇರ ಮೇಲೆ ನೆಲದಲ್ಲಿಟ್ಟಾಗ ದೋಣಿ ಬಹುತೇಕ ಸಮನಾಯಿತು. ಅಂದರೆ ಬಲಭಾಗದಲ್ಲಿ ಸುಮಾರು 50 ಲೀಟರ್ ನೀರು ಕಡಿಮೆಯಿದೆ. ಬಳಿಕ ವಾಲ್ವ್ ತೆರೆದಿಟ್ಟುಕೊಂಡೇ ಬಲಬದಿಯ ತಪಾಸಣಾ ಕೊಳವೆಯ ಬಿರಡೆಯನ್ನು ಮೆಲ್ಲನೆ ತಿರುಗಿಸಿದೆ. ಸುಯ್ಯೆಂದು ಗಾಳಿ ಹೊರಟಿತು. ಕುಕ್ಕರಿನ ವಿಷಲ್ಲಿನಷ್ಟು ಜೋರಲ್ಲದಿದ್ದರೂ ದಡದಲ್ಲಿ ನಿಂತಿದ್ದ ಕೆಲಸದಾಳಿಗೆ ಕೇಳಿಸುವಷ್ಟಿತ್ತು. ಗಾಳಿ ಹೊರಟು ಮುಗಿಯುವಷ್ಟರಲ್ಲಿ ದೋಣಿ ಚೀಲವಿದ್ದ ಬಲಕ್ಕೆ ವಾಲಿತ್ತು. ಚೀಲ ಎತ್ತಿದಾಗ ಸಮನಾಯಿತು. ತೊಟ್ಟಿಯನ್ನು ಖಾಲಿ ಮಾಡಿ, ಅದೇ ಕೊಳವೆಯೊಳಗೆ ಸಣ್ಣ ಕನ್ನಡಿ ಮತ್ತು ಟಾರ್ಚ್ ಹಿಡಿದು ನೋಡಿದಾಗ, ತೊಟ್ಟಿಯನ್ನು ಎಡ-ಬಲವಾಗಿ ಭಾಗಿಸುವ ನಡುವಿನ ಅಡ್ಡಗೋಡೆಯ ಮೇಲಂಚಿನಲ್ಲಿ, ಬಲಭಾಗದ ಗಾಳಿಯನ್ನು ಮೂತಿಯ ಕಡೆಯ ಗಾಳಿಕಿಂಡಿಯತ್ತ ಹಾಯಲು ಬಿಡಬೇಕಾದ ತೂತು ಗಟ್ಟಿಯಾದ ರೆಸಿನ್ನಿನಿಂದ (ಫೈಬರ್‌ಗ್ಲಾಸ್ ಬೆಸೆಯುವ ಅಂಟಿನಿಂದ) ಮುಚ್ಚಿಹೋಗಿರುವುದು ಸ್ಪಷ್ಟವಾಗಿ ಕಾಣಿಸಿತು. ಅದು ಕಾರ್ಖಾನೆಯಲ್ಲೇ ಆದ ತಪ್ಪು. ನನ್ನ ಬಳಕೆಯಿಂದ ಆದದ್ದಲ್ಲ.

ನೀರಿನೊಳಗಿನ ನೀರಿಗೆ ತೂಕವಿಲ್ಲ, ಆದ್ದರಿಂದ 50 ಲೀಟರ್ ಕಡಿಮೆಯಾದರೆ ವ್ಯತ್ಯಾಸವಾಗದು ಎಂದು ತಮ್ಮ ಪ್ರತಿನಿಧಿಯೊಬ್ಬರು ದೂರವಾಣಿಯಲ್ಲಿ ನನಗೆ ಪಾಠ ಹೇಳಿದರು. ಹಾಗಾದರೆ ತೊಟ್ಟಿ ತುಂಬುತ್ತಿದ್ದಂತೆ ದೋಣಿ ಸುಮಾರು ಐದು ಸೆಂಟಿಮೀಟರ್ ಕೆಳಗಿಳಿಯುವುದೇಕೆ? ತೊಟ್ಟಿಯೊಳಗೆ ಬಂಧಿಯಾದ ನೀರು ದೋಣಿಯದೇ ತೂಕದ ಭಾಗ. ದೋಣಿ ಬಾಗಿದಾಗ ಗಾಳಿ ಬೀಸುವ ಬದಿಯಲ್ಲಿ ಮೇಲೇಳುವ ಆ ಭಾರವೇ ಅದನ್ನು ಮರಳಿ ನೇರ ನಿಲ್ಲಿಸಲು ನೆರವಾಗುವುದು. ಅರೆತುಂಬಿದ ತೊಟ್ಟಿ ಇನ್ನೂ ಅಪಾಯಕರ, ಏಕೆಂದರೆ ಒಳಗಿನ ನೀರು ಬಾಗಿದ ಕಡೆಗೇ ಹರಿದು ಓರೆಯನ್ನು ಹೆಚ್ಚಿಸುತ್ತದೆ. ಹಾಯಿ ಏರಿಸುವಾಗ ತೊಟ್ಟಿ ಪೂರ್ತಿ ತುಂಬಿರಬೇಕೆಂದು ತಮ್ಮ ಕೈಪಿಡಿಯೇ ದಪ್ಪಕ್ಷರದಲ್ಲಿ ಹೇಳುತ್ತದೆ.

ಓರೆಯದೊಂದೇ ದೋಷವಾಗಿದ್ದರೆ, ಪ್ರತಿ ಸಲ ಬಲಬದಿಯ ಬಿರಡೆ ತೆರೆದು ಗಾಳಿ ಬಿಟ್ಟುಕೊಂಡು ಹೇಗೋ ನಿಭಾಯಿಸುತ್ತಿದ್ದೆನೆಂದು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ನೆಲದ ವಿಷಯ ಹಾಗಲ್ಲ. ತೊಟ್ಟಿ ತುಂಬಿಸಿ, ವಾಲ್ವ್ ಮುಚ್ಚಿ, ಗಾಳಿಕಿಂಡಿಯಲ್ಲಿ ಅಳತೆಕಡ್ಡಿ ಇಳಿಸಿ ನೋಡಿದರೆ ಎರಡು ರಾತ್ರಿಗಳಲ್ಲಿ ನೀರಿನ ಮಟ್ಟ ನಾಲ್ಕು ಸೆಂಟಿಮೀಟರ್ ಇಳಿದಿತ್ತು. ಕಡಿಮೆಯಾದುದನ್ನು ಮತ್ತೆ ತುಂಬಿಸಿದಾಗ ಹಿಂಬದಿ ಮೂರು ಸೆಂಟಿಮೀಟರ್ ತಗ್ಗಿತು. ಸೋರಿದ ನೀರು ಎಲ್ಲಿ ಸೇರುತ್ತಿದೆಯೆಂದು ತಿಳಿಯಲು ತೊಟ್ಟಿಯ ನೀರಿಗೆ ಬಣ್ಣ ಹಾಕಲು ತೀರ್ಮಾನಿಸಿದೆ. ಕಾಳುಮೆಣಸಿಗೆ ಬೋರ್ಡೊ ದ್ರಾವಣ ಹೊಡೆಯಲು ತಂದಿಟ್ಟ ಮೈಲುತುತ್ತ ಕೈಗೆಟಕುವಂತಿದ್ದರೂ, ಕೆರೆಯ ಮೀನಿಗೆ ಅದು ವಿಷವಾದ್ದರಿಂದ, ಅಂಗಡಿಯಿಂದ ಕೇಸರಿಬಾತಿಗೆ ಹಾಕುವ ಕೆಂಪು ಬಣ್ಣ ತರಿಸಿದೆ. ಮರುದಿನ ಮೆಟ್ಟಿಲ ಬುಡದ ತಪಾಸಣಾ ಮುಚ್ಚಳದ ತಿರುಪು ಬಿಚ್ಚಿ, ಒಳಗೆ ಒತ್ತಿದ ಬಿಳಿ ಪಂಚೆಯ ತುಂಡು ಕೆಂಪಾಗಿ ಹೊರಬಂತು. ಅಂದರೆ ತೊಟ್ಟಿಯ ಮೇಲ್ಭಾಗ ಒಡೆದು, ನೀರು ನೆಲ ಮತ್ತು ಹೊರಮೈಯ ನಡುವಿನ ಪೊಳ್ಳಿಗೆ ಇಳಿದು ಹಿಂಬದಿಗೆ ಹರಿಯುತ್ತಿದೆ.

ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ನೆಲವನ್ನು ನಾಣ್ಯದಿಂದ ತಟ್ಟುತ್ತ ಹೋದೆ. ಗಟ್ಟಿ ಜಾಗದಲ್ಲಿ ಟಣ್ಣೆನ್ನುವ ಸದ್ದು, ಹಾಯಿ ಕಟ್ಟುವ ಪಟಸ್ತಂಭದ ಭಾರ ಹೊರುವ ಒಳಗಿನ ಕಂಬದ ಬುಡದಿಂದ ಮೆಟ್ಟಿಲವರೆಗೆ ಸುಮಾರು ಒಂದು ಮೀಟರ್ ಉದ್ದಕ್ಕೆ ದಬದಬ ಎನ್ನುತ್ತದೆ. ಅಲ್ಲಿ ಫೈಬರ್‌ಗ್ಲಾಸ್ ಪದರ ಒಳಗಿನ ಪ್ಲೈವುಡ್ಡಿನಿಂದ ಬಿಟ್ಟುಕೊಂಡಿದೆ. ನೆಲವು ಅಡ್ಡಗೋಡೆಗೆ ಸರಿಯಾಗಿ ಅಂಟಿರದೆ, ಕಂಬದ ಒತ್ತಡಕ್ಕೆ ಬಿರುಕು ಬಿಟ್ಟಿರಬೇಕೆಂಬುದು ನನ್ನ ಊಹೆ. ನೆಲ ಕತ್ತರಿಸದೆ ಖಚಿತವಾಗದು, ವಾರಂಟಿಯ ಕಾರಣದಿಂದ ನಾನು ಕತ್ತರಿಸಿಲ್ಲ. ತೊಟ್ಟಿಯನ್ನು ಪೂರ್ತಿ ಬಸಿದು ಕುಶಾಲನಗರದ ವೇಬ್ರಿಡ್ಜಿನಲ್ಲಿ ಟ್ರೇಲರ್ ಸಹಿತ ತೂಗಿಸಿದಾಗ 1,140 ಕಿಲೋ ಬಂತು. ದೋಣಿ ನನಗೆ ತಲುಪಿದ ದಿನ ಅದೇ ವೇಬ್ರಿಡ್ಜಿನ ಚೀಟಿಯಲ್ಲಿರುವುದು 1,060. ಹೆಚ್ಚುವರಿ 80 ಕಿಲೋ ಪೊಳ್ಳಿನಲ್ಲಿ ನಿಂತ ಮತ್ತು ಮರ, ಫೋಮು ಕುಡಿದ ನೀರಲ್ಲದೆ ಮತ್ತೇನು?

ಬಿರುಕಿಗೆ ಸಿಲಿಕೋನ್ ಅಂಟು ಬಳಿಯಿರೆಂಬ ತಮ್ಮವರ ಸಲಹೆಯನ್ನು ನಾನು ಪಾಲಿಸಿಲ್ಲ. ಸಿಲಿಕೋನ್ ತಾಗಿದ ಮೈಗೆ ಮುಂದೆ ರೆಸಿನ್ ಸರಿಯಾಗಿ ಹಿಡಿಯದು. ಜೊತೆಗೆ ಒಳಗಿನ ತೇವವನ್ನು ಅಲ್ಲೇ ಮುಚ್ಚಿಟ್ಟಂತಾಗುತ್ತದೆ.

ತಮ್ಮ ತಂತ್ರಜ್ಞರು ಖುದ್ದು ಬಂದು ನೆಲವನ್ನು ತೆರೆದು, ನೆನೆದ ಪ್ಲೈವುಡ್ ಮತ್ತು ಫೋಮನ್ನು ಬದಲಿಸಿ, ಅಡ್ಡಗೋಡೆಯ ತೂತನ್ನು ಬಿಡಿಸಿ, ತೊಟ್ಟಿಯ ಬಿರುಕನ್ನು ಬೆಸೆದು, ಮುಚ್ಚುವ ಮೊದಲು ಕಡಿಮೆ ಒತ್ತಡದ ಗಾಳಿ ಮತ್ತು ಸಾಬೂನು ನೀರಿನಿಂದ ನನ್ನೆದುರೇ ತೊಟ್ಟಿಯನ್ನು ಪರೀಕ್ಷಿಸಬೇಕು. ಕಾರ್ಖಾನೆಗೆ ಸಾಗಿಸುವುದಾದರೆ ಹೋಗಿಬರುವ ವೆಚ್ಚ ತಮ್ಮದು. ಎರಡೂ ಸಾಧ್ಯವಿಲ್ಲವೆಂದಾದರೆ ದೋಣಿಯನ್ನು ಹಿಂಪಡೆದು ಪೂರ್ತಿ ಹಣ ಮರಳಿಸಬೇಕು. ಕೆಲಸ ಮೇ ಮಧ್ಯದೊಳಗೆ ಮುಗಿಯಲೇಬೇಕು. ಜೂನ್ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ನೆನೆದ ನೆಲ ಒಣಗುವ ಮಾತಂತೂ ದೂರವೇ ಉಳಿಯಿತು.

ಈ ಪತ್ರ ತಲುಪಿದ 15 ದಿನಗಳೊಳಗೆ ಪರಿಶೀಲನೆಯ ದಿನಾಂಕವನ್ನು ಲಿಖಿತವಾಗಿ ತಿಳಿಸದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯ 34ನೇ ಕಲಂ ಅವಕಾಶ ನೀಡಿರುವುದರಿಂದ, ಕೊಡಗಿನ ದೂರ ಈ ಬಾರಿ ತಮಗೇ ಅಡ್ಡಿಯಾದೀತು.

ಎರಡು ತೂಕದ ಚೀಟಿ, ನೀರಿನ ಗೆರೆಯ ಹಾಗೂ ಮುಚ್ಚಿಹೋದ ತೂತಿನ ಚಿತ್ರಗಳು ಮತ್ತು ಖರೀದಿ ರಸೀದಿಯ ಪ್ರತಿಯನ್ನು ಲಗತ್ತಿಸಿದೆ. ಕೆಂಪಾದ ಪಂಚೆಯ ತುಂಡು ನನ್ನಲ್ಲಿಯೇ ಇದೆ; ತಂತ್ರಜ್ಞರು ಬಂದಾಗ ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾಫಿ ಬೆಳೆಗಾರ ಮತ್ತು ದೋಣಿಯ ಮಾಲೀಕ,
ಸುಂಟಿಕೊಪ್ಪ, ಕೊಡಗು ಜಿಲ್ಲೆ